ಹರವಿಯ ಒಳಮೈ

ಗದಗ, ಇಸವಿ ೨೧೮೪
ನೀರು ತುಂಬುವ ಹಬ್ಬ ಕಳೆದು ಒಂಬತ್ತನೆಯ ದಿನ

ನನ್ನ ಮುತ್ತಜ್ಜಿಯ ಅಜ್ಜಿ ನೀಲಾಂಬಿಕಾ ಅವರಿಗೆ ಬಸಲಿಂಗಮ್ಮನ ಶರಣು.

ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದವಳು ಬರೆದ ಕಾಗದವಿದು. ಮಾತು ಅಪರಿಚಿತವೆನಿಸಿದರೆ ಮನ್ನಿಸಿ. ನಾನು ಓದಿದ್ದು ಹೈಸ್ಕೂಲುವರೆಗೆ. ಆದರೆ ನಲವತ್ತು ವರ್ಷ ಹದಿನೇಳು ಜನರ ಮನೆ ನಡೆಸಿದ್ದೇನೆ. ಯಾರನ್ನೂ ಸುಮ್ಮನೆ ಹೊಗಳುವವಳಲ್ಲ.

ನಮಗೆ ಹನ್ನೊಂದು ದಿನಕ್ಕೊಮ್ಮೆ ಪಾಳಿನೀರು ಬರುತ್ತದೆ. ಓಣಿಯ ಸರದಿಗೆ ಬಿಡುವ ನೀರಿಗೆ ಆ ಹೆಸರು. ಸೊಂಟದೆತ್ತರದ ಮಣ್ಣಿನ ಹರವಿಗಳಲ್ಲಿ ತುಂಬಿಡುತ್ತೇವೆ. ನೀವು ಈಗ ಪ್ರಯೋಗಾಲಯದಲ್ಲಿ ತಾಮ್ರ, ಬೆಳ್ಳಿ ಸೇರಿಸಿ ಹದ ಮಾಡುತ್ತಿರುವ ಲೇಪವೇ ಅವುಗಳ ಒಳಗಿದೆ. ನಾವದನ್ನು ಕಾಯುಮೈ ಎನ್ನುತ್ತೇವೆ. ಅದಕ್ಕೆ ತಾಗಿದ ರೋಗಾಣು ಅಲ್ಲೇ ಸಾಯುತ್ತದೆ, ಲೋಳೆ ಕಟ್ಟುವುದಿಲ್ಲ. ಹನ್ನೊಂದನೆಯ ದಿನವೂ ನೀರಿಗೆ ವಾಸನೆಯಿಲ್ಲ. ನೀರಿನಿಂದ ವಾಂತಿಭೇದಿಯಾಗುವುದನ್ನು ನನ್ನ ತಾಯಿಯೂ ಕಂಡಿರಲಿಲ್ಲ. ನಿಮ್ಮ ವಂಶದವಳೆಂದು ಓಣಿಯಲ್ಲಿ ತಲೆಯೆತ್ತಿ ನಡೆಯುತ್ತೇನೆ.

ಹಬ್ಬಕ್ಕೆ ನಿಮ್ಮಂತೆ ನಾವೂ ಹರವಿ ತಿಕ್ಕಿ, ಸುಣ್ಣ, ಕೆಮ್ಮಣ್ಣು ಬಳಿದು ನೀರು ತುಂಬುತ್ತೇವೆ. ಹೊರಮೈ ಮಾತ್ರ ತಿಕ್ಕಬೇಕೆಂಬುದು ಕಟ್ಟಳೆ. ಈ ಸಲ ಬೀಗರು ಬರುವವರಿದ್ದರು. ಒಳಗಿನ ಕಾಯುಮೈಯ ಕಪ್ಪು ಬಣ್ಣ ನನಗೆ ಕೊಳೆಯಂತೆ ಕಂಡಿತು. ಇಟ್ಟಂಗಿ ಪುಡಿ, ಹುಣಸೆಹಣ್ಣು ಹಿಡಿದು ಕುಳಿತೆ.

“ಅತ್ಯಾರ, ಒಳಗ ತಿಕ್ಕಬ್ಯಾಡ್ರಿ, ಕಾಯುಮೈ ಹೋಗ್ತೈತಿ,” ಎಂದಳು ಸೊಸೆ ಮಂದಾಕಿನಿ.

“ನಿಮ್ಮ ತವರಮನ್ಯಾಗ ಹೊಲಸ ಹರವಿ ನಡೀತಿರಬೇಕು. ಸರಿ ಆ ಕಡೆ,” ಎಂದೆ.

ಹರವಿಯ ಒಳಗು ಕೆಂಪಗೆ ಹೊಳೆಯಿತು. ಬೀಗರು ಮೆಚ್ಚಿದರು. ಆರನೆಯ ದಿನ ಆ ನೀರು ಕುಡಿದು ನಾಲ್ಕು ವರ್ಷದ ಮೊಮ್ಮಗಳು ಇಂಚರಾ ವಾಂತಿಭೇದಿಯಾಗಿ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಡಲಿಲ್ಲ. ಇಂಥ ಕಾಯಿಲೆಯನ್ನು ಪುಸ್ತಕದಲ್ಲಷ್ಟೇ ನೋಡಿದ್ದೆ ಎಂದರು ಡಾಕ್ಟರು. ಇವತ್ತು ಗಂಜಿ ಕುಡಿದಿದ್ದಾಳೆ, ಬದುಕುತ್ತಾಳಂತೆ. ಮಂದಾಕಿನಿ ಆ ಹರವಿಯನ್ನು ಹಿತ್ತಲಿಗೆ ಉರುಳಿಸಿ ಬೋರಲು ಹಾಕಿದ್ದಾಳೆ.

ನಿಮ್ಮ ಕೆಲಸ ದೊಡ್ಡದು. ನನ್ನ ಎರಡು ಕೈಗಳು ಅದನ್ನು ಒಂದೇ ಮಧ್ಯಾಹ್ನದಲ್ಲಿ ಅಳಿಸಿದವು. ಆದ್ದರಿಂದ ಒಂದೇ ಕೋರಿಕೆ: ಅದನ್ನು ಮೇಲೆ ಬಳಿಯಬೇಡಿ. ಮಣ್ಣು ತುಳಿಯುವಾಗಲೇ ಕಲಸಿಬಿಡಿ, ಎಷ್ಟು ತಿಕ್ಕಿದರೂ ಕೆಳಗೆ ಅದೇ ಸಿಗಲಿ. ರೋಗಾಣುಗಳನ್ನು ನೀವು ಚೆನ್ನಾಗಿ ಬಲ್ಲಿರಿ. ಸೊಸೆಯ ಮಾತು ಕೇಳದ ಅತ್ತೆಯರನ್ನೂ ಗಮನದಲ್ಲಿಟ್ಟುಕೊಳ್ಳಿ.

ನಿಮ್ಮ
ಬಸಲಿಂಗಮ್ಮ ಹೊಂಬಳ