ಚೌಕದ ಫ್ಲೆಕ್ಸ್ ಇಳಿಸಿದ್ದೇನೆ

ಧನಕವಡಿ, ಪುಣೆ
೧೮ ಜೂನ್ ೨೦೨೫

ನಮ್ಮ ಮನೆತನದ ಜಗಮೊಂಡಿ ದೀಪಾಲಿಗೆ ನಿನ್ನ ಕಾಕಾನ ಆಶೀರ್ವಾದ.

ಕಾತ್ರಜದಿಂದ ಕೋಥರೂಡದವರೆಗೆ ನನ್ನನ್ನು ಕೇಳದೆ ಒಂದು ಸಿಟಿ ಬಸ್ಸೂ ಹೊರಡುವುದಿಲ್ಲ, ಗೊತ್ತಲ್ಲ? ಅಂಥವನನ್ನು ನಿನ್ನೆ ನಿನ್ನ ಹಾಸ್ಟೆಲಿನ ಗೇಟಿನಲ್ಲಿ ಎರಡು ತಾಸು ನಿಲ್ಲಿಸಿದೆ! ವಾಚ್‌ಮನ್ ನನ್ನನ್ನು ಪ್ಲಂಬರ್ ಎಂದು ತಿಳಿದು ಸೋರುವ ನಲ್ಲಿ ತೋರಿಸಹೊರಟ. ನೀನೋ ಫೋನು ಎತ್ತುವುದಿಲ್ಲ, ಕೆಳಗೆ ಇಳಿಯುವುದಿಲ್ಲ. ಅದಕ್ಕೇ ನಿನ್ನ ರೂಮಿನ ಗೆಳತಿ ನೀಲಿಮಾಳ ಕೈಯಲ್ಲಿ ಈ ಕಾಗದ.

ಎರಡು ವಿಷಯದಲ್ಲಿ ಫೇಲಾದೆ, ಆಗಲಿ. ಅದನ್ನು ನುಂಗಿಕೊಂಡು ಎಂಟು ದಿನ ಕುಳಿತೆಯಲ್ಲ, ಅದಕ್ಕೆ ನನ್ನ ತಲೆ ಕೆಟ್ಟಿದೆ. ಬದುಕುವುದೇ ಬೇಡವಾಗಿದೆ ಎಂದು ನೀಲಿಮಾಳ ಮುಂದೆ ಅಂದೆಯಂತೆ. ಆ ಅಸ್ಸಾಮಿನ ಹುಡುಗಿಗೆ ನಮ್ಮ ಮಾತು ಬಾರದು, ನಮ್ಮ ಊರು ಯಾವ ದಿಕ್ಕಿಗಿದೆ ಎಂದೂ ತಿಳಿಯದು. ಆದರೂ ಯಾರಿಗೂ ಹೇಳಬೇಡ ಎಂದು ನೀನು ಹಾಕಿದ ಆಣೆ ಮುರಿದು, ನಿನ್ನನ್ನು ಕಾಲೇಜಿನ ಕೌನ್ಸೆಲರ್ ಹತ್ತಿರ ಕರೆದೊಯ್ದಳು, ನನಗೂ ಫೋನು ಮಾಡಿದಳು. ಅವಳ ಮೇಲೆ ಸಿಟ್ಟಾದೆಯೋ, ನೋಡು ಮತ್ತೆ!

ಮನೆಯಲ್ಲಿ ನಿನ್ನ ಕಾಕು ಭಾಮಾ ಬೈದದ್ದು ಮಾತ್ರ ನನ್ನನ್ನು. ಫಲಿತಾಂಶಕ್ಕೆ ಮೊದಲೇ 'ಹಾರ್ದಿಕ ಅಭಿನಂದನ' ಎಂದು ಚೌಕದಲ್ಲಿ ಫ್ಲೆಕ್ಸ್ ಕಟ್ಟಿಸಿದವನು ನಾನು. ಅದರಲ್ಲಿ ನಿನ್ನ ಫೋಟೋಕ್ಕಿಂತ ನನ್ನದೇ ದೊಡ್ಡದು. "ಓದಾಕಿ ಅಕಿ, ಮೆರಿಯಾವ್ರು ನೀವು. ಈಗ ಅಕಿ ಯಾವ ಮಾರಿ ಹೊತ್ಕೊಂಡು ನಮ್ಮ ಓಣ್ಯಾಗ ಬರಬೇಕ್ರಿ?" ಎಂದಳು. ಬೆಳಿಗ್ಗೆ ನಾನೇ ಏಣಿ ಹತ್ತಿ ಇಳಿಸಿದೆ. ಯಾಕೆಂದು ಚಹಾದಂಗಡಿಯ ಅಂಬಾದಾಸ ಕೇಳಿದ. ನನ್ನ ಮೂಗು ಸರಿಯಾಗಿ ಬಂದಿಲ್ಲ ಎಂದೆ.

ಕೌನ್ಸೆಲರ್ ಮೇಡಂ ಮುಂದಿನ ವಾರವೂ ಕರೆದಿದ್ದಾರಂತೆ, ಹೋಗು. ನಾನೂ ಬಂದು ಹೊರಗೆ ಬಾಯಿ ಮುಚ್ಚಿಕೊಂಡು ಕುಳಿತಿರುತ್ತೇನೆ. ಆ ಹಾಳು ಯೋಚನೆ ಮತ್ತೆ ಬಂದರೆ ಹೊತ್ತು ನೋಡದೆ ಫೋನು ಮಾಡು. ಭಾನುವಾರ ನೀಲಿಮಾಳನ್ನೂ ಕರೆದುಕೊಂಡು ಊಟಕ್ಕೆ ಬಾ. ಮಾರ್ಕಿನ ಸುದ್ದಿ ತೆಗೆದವರಿಗೆ ಝುಣಕ ಬಡಿಸುವುದಿಲ್ಲವೆಂದು ನಿನ್ನ ಕಾಕು ನನ್ನತ್ತಲೇ ನೋಡಿ ಹೇಳಿದ್ದಾಳೆ.

ಇನ್ನೂ ಸಿಟ್ಟು ಇಳಿಯದ
ಸಿದ್ದಾರೂಢ ಕಾಕಾ

ತಾ.ಕ.: ಮುಚ್ಚಿಡಬೇಡ ಎಂದು ನಿನಗೆ ಬೈದು ನಾನೇ ಮುಚ್ಚಿಟ್ಟರೆ ಹೇಗೆ? ಮೂರು ವರ್ಷದ ಹಿಂದೆ ಶಿರೂರಿನ ಗೋದಾಮಿನಲ್ಲಿ ಉಳ್ಳಾಗಡ್ಡಿ ತುಂಬಿಟ್ಟು ಕೊಳೆಸಿದೆ. ನಲವತ್ತು ಸಾವಿರ ಹೋಯಿತೆಂದು ನಿಮಗೆಲ್ಲ ನಗುತ್ತ ಹೇಳಿದೆ. ನಿನಗೆ ಬಂದ ಯೋಚನೆ ಆಗ ನನಗೂ ಬಂದಿತ್ತು. ಊಟ ಬಿಟ್ಟದ್ದು ನೋಡಿ ಭಾಮಾ ಪಕ್ಕದಲ್ಲಿ ಕುಳಿತು, "ಖರೆ ಎಷ್ಟ್ ಹೋತು, ಹೇಳೇ ಏಳ್ರಿ" ಎಂದು ಪಟ್ಟು ಹಿಡಿದಳು. ಹೇಳಿದೆ, ಅತ್ತುಬಿಟ್ಟೆ, ಆಮೇಲೆ ಉಂಡೆ. ಅವಳನ್ನು ಬಿಟ್ಟರೆ ಈಗ ನಿನಗೇ ಹೇಳುತ್ತಿರುವುದು: ಏಳು ಲಕ್ಷ ಹದಿನೈದು ಸಾವಿರ.