ಮೂಟೆ ಇಳಿಸಿದ ಮೇಲೆ

ವಡ್ಡು,
ಅಕ್ಟೋಬರ್ ೧೪

ನನ್ನ ಬಂಗಾರ ದೇವಿಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮಪ್ಪ ಬದುಕಿದ್ದಾರೆ. ಕೈಕಾಲು ನೆಟ್ಟಗಿವೆ. ನೀನು ಕಾವಲಿರುವ ಆ ಬೆಟ್ಟದ ಮೇಲೆ ಫೋನು ಹತ್ತುವುದಿಲ್ಲ. ಬೇರೆಯವರ ಬಾಯಿಂದ ಕೇಳಿ ಗಾಬರಿಯಾಗಬೇಡ ಅಂತ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಅಂಗಳಕ್ಕೆಲ್ಲ ಒಮ್ಮೆಲೇ ನೆರಳು ಬಿತ್ತು. ಹೊರಗೆ ಬಂದು ನೋಡಿದರೆ, ಅಯ್ಯೋ ಶಿವನೇ, ಅಕ್ಕಿ ಗಿರಣಿಗಿಂತ ದೊಡ್ಡ ಬಲೂನು! ಹೊಟ್ಟೆಯ ಕೆಳಗೆ ಲಾರಿಯಂಥ ಡಬ್ಬಿ, ಪಕ್ಕದಲ್ಲಿ ಫ್ಯಾನುಗಳು. ಮೆಕ್ಕೆಜೋಳ ಕೊಯ್ದ ನಮ್ಮ ಹೊಲದಲ್ಲೇ ಇಳಿಯಿತು. ಏರ್‌ಶಿಪ್ಪಂತೆ, ನಿಮ್ಮ ಮಿಲಿಟರಿಯದಂತೆ. ಅರ್ಧ ಬಲೂನು, ಅರ್ಧ ವಿಮಾನ. ದಾರಿಯಿಲ್ಲದ ಬೆಟ್ಟಗಳಲ್ಲಿರುವ ಸೈನಿಕರಿಗೆ ಅಕ್ಕಿ ಬೇಳೆ ಒಯ್ಯಲು ಪರೀಕ್ಷೆ ಮಾಡುತ್ತಿದ್ದಾಗ ಒಂದು ಫ್ಯಾನು ಕೆಟ್ಟಿತಂತೆ. ಅದರಲ್ಲಿ ಇಬ್ಬರೇ ಸೈನಿಕರಿದ್ದರು. ಹಗ್ಗ ಬಿಗಿದು ಗೂಟ ಹೊಡೆದರು. ಒಬ್ಬ ಸಿಗ್ನಲ್ ಹುಡುಕಿಕೊಂಡು ರಸ್ತೆಗೆ ಹೋದ, ಇನ್ನೊಬ್ಬ ಮುಂದಿನ ಕೋಣೆಯಲ್ಲಿ ರಿಪೇರಿಗೆ ಕೂತ.

ನಿಮ್ಮಪ್ಪನ ಬುದ್ಧಿ ನಿನಗೆ ಗೊತ್ತಲ್ಲ. ಯಶವಂತನಗರದಲ್ಲಿ ಹಮಾಲರ ಮೇಸ್ತ್ರಿಯಾಗಿ ಕೂದಲು ಬೆಳ್ಳಗಾಯಿತು. ಲಾರಿ ಹೂತರೆ ಮೊದಲು ಮಾಲು ಇಳಿಸಬೇಕು, ಅಷ್ಟೇ. ಆ ಡಬ್ಬಿಯೂ ಹಸಿ ಎರೆಮಣ್ಣಿನಲ್ಲಿ ಹೂತಿತ್ತು. "ಪಾಪ, ಭಾರಾಗಿ ಹುಗದೈತಿ, ಜಲ್ದಿ ಇಳಸ್ರಲೇ!" ಅಂದರು. ಹಿಂದಿನ ಬಾಗಿಲು ತೆರೆದಿತ್ತು. ಪಕ್ಕದ ಮನೆ ಹುಲುಗೇಶ, ಅವನ ಗ್ಯಾಂಗು, ಎಲ್ಲರೂ ಒಳಗಿದ್ದ ಅಕ್ಕಿ ಬೇಳೆಯ ಮೂಟೆ ಹೊತ್ತು ಇಳಿಸಿದರು. ಉಪಕಾರ ಮಾಡಲು ಯಾರನ್ನು ಕೇಳುವುದು! ನಾನು ಹುಚ್ಚಿ ಚಹಾ ಬೇರೆ ಕಾಸಿಕೊಂಡು ಹೋದೆ.

ಒಳಗಿದ್ದ ನಿಮ್ಮಪ್ಪ ಕೊನೆಯ ಮೂಟೆ ತಳ್ಳಿದರು ನೋಡು, ಗಾಳಿ ಬೀಸಿತು. ಗೂಟಗಳು ಪಟಪಟ ಕಿತ್ತುಬಂದವು. ಬಲೂನು ಎದ್ದೇಬಿಟ್ಟಿತು! ಆ ಮೂಟೆಗಳೇ ಅದನ್ನು ನೆಲಕ್ಕೆ ಹಿಡಿದಿದ್ದವು ಅಂತ ನಮಗೇನು ಗೊತ್ತು? ಚಹಾದ ಕೆಟಲ್ ಕೈಯಿಂದ ಬಿತ್ತು.

ಇನ್ನೂ ಸೊಂಟದೆತ್ತರವಿತ್ತು. "ಜಿಗೀರಿ ಮೇಸ್ತ್ರಿ, ಜಿಗೀರಿ!" ಅಂತ ಎಲ್ಲರೂ ಕೂಗಿದರು. ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಸರಿದು ಕೂತುಬಿಟ್ಟರು. ನೋಡನೋಡುತ್ತ ಬಲೂನು ಬೇವಿನ ಮರ ದಾಟಿತು. ನಾನು ಹೊಲದ ಬದುವಿನವರೆಗೆ ಅದರ ಹಿಂದೆಯೇ ಓಡಿದೆ.

ಒಳಗೆ ರಿಪೇರಿಗೆ ಕೂತಿದ್ದ ಸೈನಿಕ ಪುಣ್ಯಾತ್ಮ. ಗಾಳಿ ಒಯ್ದ ಕಡೆ ಹೋಗಿ, ಸ್ವಲ್ಪ ಸ್ವಲ್ಪ ಅನಿಲ ಬಿಟ್ಟು, ದರೋಜಿ ಕೆರೆಯಾಚೆ ಇಳಿಸಿದನಂತೆ. ನಿಮ್ಮಪ್ಪ ಸಂಜೆ ಜೀಪಿನಲ್ಲಿ ಮನೆಗೆ ಬಂದರು. ಅಳುತ್ತ, ಬೈಯುತ್ತ, "ಯಾಕ ಜಿಗೀಲಿಲ್ರಿ?" ಅಂತ ಕೇಳಿದೆ. "ಮಣಕಾಲು ಹಿಡಕಂಡಿತ್ತು" ಅಂದರು. ಅಷ್ಟಂದು ಕೈಕಾಲು ತೊಳೆದು ಉಣ್ಣಲು ಕೂತರು. ತಾವು ಬೇಡವೆಂದರೂ ನೀನು ಮಿಲಿಟರಿ ಸೇರಿದೆ ಅಂತ ಇವತ್ತಿನವರೆಗೆ ನಿನ್ನ ಹೆಸರೆತ್ತದ ಹಟಮಾರಿ, ನನಗೆ ನಿಜ ಹೇಳುತ್ತಾರೆಯೇ? ಈ ಕಾಗದವನ್ನೂ ಅವರಿಗೆ ಕಾಣದ ಹಾಗೆ ಬರೆಯುತ್ತಿದ್ದೇನೆ.

ಬೆಚ್ಚಗಿರು. ಹೊಟ್ಟೆ ತುಂಬ ಉಣ್ಣು.

ನಿನ್ನ ಅವ್ವ,
ನಿಂಗಕ್ಕ

ತಾ.ಕ.: ಕವರು ಅಂಟಿಸುತ್ತಿದ್ದೆ, ನಿಮ್ಮಪ್ಪನನ್ನು ಕೆಳಗಿಳಿಸಿದ ಆ ಸೈನಿಕ ಹೊಲದಲ್ಲುಳಿದ ಮೂಟೆ ಒಯ್ಯಲು ಬಂದ. ಬಾಗಲಕೋಟೆ ಕಡೆಯ ಹುಡುಗ. ಮೇಲೆ ನಿಮ್ಮಪ್ಪ ಅಂಜಿರಲೇ ಇಲ್ಲವಂತೆ. ನಿನ್ನ ಹೆಸರು, ನಿನ್ನ ಪಲ್ಟನ್ನು, ನೀನಿರುವ ಬೆಟ್ಟ, ಎಲ್ಲ ತಪ್ಪದೆ ಹೇಳಿ, "ಇದು ಅಲ್ಲಿಗೇ ಹೊಕ್ಕತೇನ್ರಿ?" ಅಂತ ಕೇಳಿದರಂತೆ. ಇವನು ಕೆಳಗಿಳಿಸಲು ಹೊರಟರೆ ಕೈ ಹಿಡಿದುಕೊಂಡು, "ಇಳಸಬ್ಯಾಡೋ ತಮ್ಮಾ, ಒಂದ್ಸಲ ಮಗಳ ಮುಖ ನೋಡಿ ಬರತೀನಿ" ಅಂದರಂತೆ.