ಅಪ್ಪನ ಹಲ್ಲಿನ ಸಂದು

ಅಡುಗೆಮನೆಯ ಮೇಜಿನಿಂದ,
ಗುರುವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಅತ್ತಿಗೆ ತಂದುಕೊಟ್ಟ ಎಣ್ಣೆಯನ್ನು ಮಂಡಿಗೆ ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲ ಕಿರುಗುಟ್ಟುವ ಬಾಗಿಲುಗಳಿಗೆ ಬಿಟ್ಟು ಖಾಲಿ ಮಾಡುತ್ತಿದ್ದೀಯೋ? ನಿನ್ನನ್ನು ನಂಬುವ ಹಾಗಿಲ್ಲ. ಊಟ ಸೇರುತ್ತಿದೆಯಾ? ನಿದ್ದೆ ಬರುತ್ತಿದೆಯಾ? ಅಣ್ಣ ಫೋನಿನಲ್ಲಿ ಏನು ಕೇಳಿದರೂ "ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ" ಎನ್ನುತ್ತಾನೆ. ಅವನನ್ನು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ. ಅತ್ತಿಗೆ ಮಾತ್ರ ನಿಜ ಹೇಳುತ್ತಾರೆ. "ಮಾವ ಆರೋಗ್ಯವಾಗೇ ಇದ್ದಾರೆ, ಆದ್ರೆ ಮನೇಲಿ ಇದ್ದಾರೋ ಇಲ್ವೋ ಗೊತ್ತೇ ಆಗಲ್ಲ, ಅಷ್ಟು ಸದ್ದಿಲ್ಲ" ಎಂದರು. ನಲವತ್ತು ವರ್ಷ ಯಾವ ಬೀದಿಯಲ್ಲಿ, ಎಷ್ಟನೇ ಮಹಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದೀಯೆಂದು ಸಿಳ್ಳೆಯಿಂದಲೇ ಗೊತ್ತಾಗುತ್ತಿದ್ದ ಮನುಷ್ಯ ನೀನು. ಆ ಸಿಳ್ಳೆ ನಿಂತು ಆರು ವರ್ಷವಾಯಿತು. ಅದಕ್ಕಾಗಿಯೇ ಈ ಕಾಗದ. ಆದರೆ ನೇರವಾಗಿ ವಿಷಯಕ್ಕೆ ಬಂದು ನನಗೆ ಅಭ್ಯಾಸವಿಲ್ಲ, ನಿನಗೇ ಗೊತ್ತಲ್ಲ. ಮೊದಲು ನನ್ನ ಪುರಾಣ ಕೇಳು, ಮಧ್ಯೆ ಎದ್ದು ಹೋಗಬೇಡ.

ನಾನು ಕ್ಲಾಸಿಗೆ ಸೇರಿದ್ದೇನೆ. ನಗಬೇಡ. ನಲವತ್ತೇಳರ ವಯಸ್ಸಿನಲ್ಲಿ, ಮಂಗಳವಾರ ಮತ್ತು ಶನಿವಾರ ಸಂಜೆ, ಮಣ್ಣಿನಲ್ಲಿ ಗೊಂಬೆ ಮಾಡುವ ಕ್ಲಾಸು. ನಮ್ಮ ಹಲ್ಲಿನ ಲ್ಯಾಬಿನ ಎದುರು ಬಟ್ಟೆ ಒಗೆಯುವ ಅಂಗಡಿ ಇದೆಯಲ್ಲ, ಅದರ ಮೇಲಿನ ಮಹಡಿಯಲ್ಲಿ. ಕೆಳಗೆ ಬಸ್ಸಿಗೆ ಕಾಯುತ್ತಾ ಮೂರು ತಿಂಗಳು ಅದೇ ಬೋರ್ಡು ಓದಿದೆ: "ಮಣ್ಣಿನ ಕೆಲಸ ಕಲಿಸಲಾಗುವುದು. ವಯಸ್ಸಿನ ಮಿತಿ ಇಲ್ಲ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ." ಒಂದು ದಿನ ಬಸ್ಸು ಕೈಕೊಟ್ಟಿತು, ನೋಡೇಬಿಡೋಣ ಎಂದು ಮೆಟ್ಟಿಲು ಹತ್ತಿದೆ. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನೀನು ಕೆಲಸ ಮುಗಿಸಿ ಬರುವಾಗ ಡಬ್ಬಿಯ ತಳದಲ್ಲಿ ಮಿಕ್ಕ ಪುಟ್ಟಿ ತಂದುಕೊಡುತ್ತಿದ್ದದ್ದು ನೆನಪಾಯಿತು. ಗೋಡೆಯ ಬಿರುಕು ಮುಚ್ಚುವ ಪುಟ್ಟಿಯಲ್ಲಿ ನಾನು ಆನೆ, ಆಮೆ, ಪಕ್ಕದ ಮನೆಯ ಅಜ್ಜಿ ಎಲ್ಲ ಮಾಡಿ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆ. "ಇವಳ ಕೈ ಸುಮ್ನಿರಲ್ಲ ನೋಡಿ" ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ ನೀನು. ಹದಿನೆಂಟಕ್ಕೆ ಲ್ಯಾಬಿಗೆ ಸೇರಿದ ಮೇಲೆ, ಇಪ್ಪತ್ತೊಂಬತ್ತು ವರ್ಷ, ಈ ಕೈ ಹಲ್ಲು ಬಿಟ್ಟು ಬೇರೇನೂ ಮಾಡಿಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮೇಣದ ಮೇಲೆ ಹಲ್ಲು ಜೋಡಿಸಿ, ಹಲ್ಲುಸೆಟ್ಟು ಮಾಡಿ ವಾಪಸು ಕಳಿಸುತ್ತೇನೆ. ಆ ಬಾಯಿ ಯಾರ ಮುಖದಲ್ಲಿದೆ ಎಂದು ನೋಡಿದ್ದೇ ಕಡಿಮೆ.

ನಿನ್ನ ಅಳಿಯನಿಗೆ ಮೊದಮೊದಲು ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಗೊಂಬೆ ಮಾಡುತ್ತೇನೆ ಎನ್ನಲು ನಾಚಿಕೆಯಾಗಿ, ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದುಬಿಟ್ಟಿದ್ದೆ. ಆದರೆ ಕನ್ನಡಕದ ಅಂಗಡಿ ಇಟ್ಟವನ ಕಣ್ಣು ತಪ್ಪಿಸಲು ಸಾಧ್ಯವೇ? ಮೂರನೇ ವಾರ ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಲ್ಯಾಬಿನ ಪ್ಲಾಸ್ಟರ್ ಬಿಳಿ. ಉಗುರಲ್ಲಿರೋದು ಕಂದು. ಏನಮ್ಮಾ ಸಮಾಚಾರ?" ಎಂದ. ಕಳ್ಳಿ ಸಿಕ್ಕಿಬಿದ್ದೆ. ಎಲ್ಲ ಒಪ್ಪಿಕೊಂಡೆ. ಗಲ್ಲ ಕೆರೆದುಕೊಂಡು, "ಹಾಗಾದ್ರೆ ಆ ಎರಡು ದಿನ ಅಡುಗೆ ನಂದು" ಎಂದ. ಅವತ್ತಿನಿಂದ ವಾರಕ್ಕೆ ಎರಡು ದಿನ ನಮ್ಮ ಮನೆಯಲ್ಲಿ ಎಲ್ಲರೂ ಲೋಟಗಟ್ಟಲೆ ನೀರು ಕುಡಿಯುತ್ತೇವೆ, ಅಷ್ಟು ಖಾರ. ಒಳ್ಳೆಯ ಮನುಷ್ಯ ಅಪ್ಪಾ, ನೀನೇ ಹುಡುಕಿ ತಂದವನು.

ಕ್ಲಾಸಿನಲ್ಲಿ ನಾವು ಏಳು ಜನ. ಕಲಿಸುವವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಎಲ್ಲರೂ ಟೀಚರಮ್ಮ ಎನ್ನುತ್ತೇವೆ. ಮೊದಲ ದಿನ ಕೈಗೆ ಒಂದೊಂದು ಮುದ್ದೆ ಮಣ್ಣು ಕೊಟ್ಟು, ಕಣ್ಣು ಮುಚ್ಚಿಕೊಂಡು ಮನಸ್ಸಿಗೆ ಬಂದದ್ದು ಮಾಡಿ ಎಂದಳು. ನಾನು ಭಕ್ತಿಯಿಂದ ಕಣ್ಣು ಮುಚ್ಚಿ, ಒತ್ತಿ, ತಿರುಗಿಸಿ, ಉಜ್ಜಿ, ಕಣ್ಣು ಬಿಟ್ಟರೆ ಕೈಯಲ್ಲಿ ದವಡೆ ಹಲ್ಲು! ಬೇರು ಸಮೇತ. "ಅಯ್ಯೋ ಎಷ್ಟು ಮುದ್ದಾದ ಸ್ಟೂಲು ಮಾಡಿದೀರಿ" ಎಂದಳು ಟೀಚರಮ್ಮ. ಪಕ್ಕದಲ್ಲಿ ಕೂರುವ ಬಸ್ ಕಂಡಕ್ಟರಮ್ಮ, "ಸ್ಟೂಲಲ್ಲ ರೀ, ಹಲ್ಲು. ಹೋದ ವಾರ ನಾನು ಇಂಥದ್ದೇ ಕೀಳಿಸಿಕೊಂಡು ಬಂದೆ" ಎಂದು ಕೆನ್ನೆ ಮುಟ್ಟಿ ತೋರಿಸಿದಳು. ಆಮೇಲೆ ಆನೆ ಮಾಡಿದೆ. ಸೊಂಡಿಲ ಕೆಳಗೆ ಬಾಯಿ ತುಂಬ ಮನುಷ್ಯರ ಹಲ್ಲು. ಬೆಕ್ಕು ಮಾಡಿದೆ, ಅದು ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಹಲ್ಲು ಬಿಟ್ಟಿತ್ತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಲ್ಯಾಬಿನಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಎದೆ ಧಸಕ್ಕೆನ್ನುತ್ತದೆ, ಇಲ್ಲಿ ತಪ್ಪಾದರೆ ಮುದ್ದೆ ಮಾಡಿ ಮತ್ತೆ ಶುರು. ಎಷ್ಟು ಹಗುರವಾಗುತ್ತದೆ ಗೊತ್ತಾ ಅಪ್ಪಾ! ಮೆಟ್ಟಿಲು ಇಳಿಯುವಾಗ ನನಗೆ ಹನ್ನೊಂದು ವರ್ಷ.

ಆಮೇಲೆ ಟೀಚರಮ್ಮ ದೊಡ್ಡ ಕೆಲಸ ಕೊಟ್ಟಳು. ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು, ಮನೆಯವರೊಬ್ಬರ ತಲೆ ಮಾಡಬೇಕು, ನೆನಪಿನಿಂದಲೇ, ಕೊನೆಗೆ ಎಲ್ಲವನ್ನೂ ಮಡಕೆಯ ಹಾಗೆ ಸುಟ್ಟು ಪಕ್ಕದ ಸಭಾಂಗಣದಲ್ಲಿ ಜನರಿಗೆ ತೋರಿಸುವುದು. ನಾನು ಯೋಚಿಸಲೇ ಇಲ್ಲ, ನಿನ್ನನ್ನೇ ಆರಿಸಿಕೊಂಡೆ. ಎಲ್ಲರೂ ಬುರುಡೆಯಿಂದ ಶುರುಮಾಡಿದರೆ ನಾನು ಹಲ್ಲಿನಿಂದ ಶುರುಮಾಡಿದೆ. ಮೊದಲು ನಗು, ಆಮೇಲೆ ಅದರ ಸುತ್ತ ಅಪ್ಪ. ಟೀಚರಮ್ಮ ನಕ್ಕು ನಕ್ಕು ಮಣ್ಣಿನ ಚೀಲದ ಮೇಲೆ ಕೂತುಬಿಟ್ಟಳು. ಕಿವಿ ಸರಿಯಾಗಿ ಬಂತು. ಮೂಗು ಬಂತು. ಕೆಲಸಕ್ಕೆ ಹೋಗುವಾಗ ನೀನು ಪೇಪರು ಮಡಚಿ ಹಾಕಿಕೊಳ್ಳುತ್ತಿದ್ದ ಟೋಪಿ ಕೂಡ ಬಂತು. ಎಷ್ಟು ಜಂಬ ನನಗೆ! ನಿನ್ನ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ಸರಿಸಿ, "ಯಾರು ಹೇಳು?" ಎಂದೆ. ಅವಳು ಸುತ್ತು ಬಂದು ನೋಡಿ, "ಯಾರೋ ಬ್ಯಾಂಕ್ ಮ್ಯಾನೇಜರ್. ಅಜ್ಜನ ಟೋಪಿ ಇಸ್ಕೊಂಡು ಹಾಕ್ಕೊಂಡಿದಾರೆ" ಎಂದಳು. ಹದಿನಾರು ವರ್ಷದವಳ ನಾಲಿಗೆ ಹೇಗಿರುತ್ತದೆ ಗೊತ್ತಲ್ಲ. ಸಿಟ್ಟು ಬಂತು. ಬೇಜಾರೂ ಆಯಿತು, ಯಾಕೆಂದರೆ ಅವಳು ಹೇಳಿದ್ದು ನಿಜ.

ಎರಡು ವಾರ ಹುಬ್ಬು ತಿದ್ದಿದೆ, ಕೆನ್ನೆ ತಿದ್ದಿದೆ, ಗಲ್ಲ ಕಿತ್ತು ಬೇರೆ ಗಲ್ಲ ಇಟ್ಟೆ. ಮ್ಯಾನೇಜರು ಜಾಗ ಬಿಟ್ಟು ಕದಲಲಿಲ್ಲ. ಟೀಚರಮ್ಮ ಒಂದು ಸಂಜೆ ಹಿಂದೆ ಬಂದು ನಿಂತು, "ಇವರು ಫೋಟೋಗೆ ಕೂತ ಹಾಗಿದಾರಲ್ಲ. ಮನೇಲಿ ಹೇಗೆ ನಗ್ತಾರೆ?" ಎಂದಳು. ಮನೆಗೆ ಬಂದು ನನ್ನ ಮದುವೆಯ ಆಲ್ಬಮ್ ತೆಗೆದೆ. ಮೂರನೇ ಪುಟದಲ್ಲಿ ನೀನು ಯಾರ ಮಾತಿಗೋ ಬಾಯಿ ತುಂಬ ನಗುತ್ತಿದ್ದೀಯ, ಮುಂದಿನ ಎರಡು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು. ಎಡಗಡೆಯ ಹಲ್ಲು ಸ್ವಲ್ಪ ವಾಲಿದೆ. ಅಪ್ಪಾ, ನಾನು ಅದನ್ನು ಮರೆತೇಬಿಟ್ಟಿದ್ದೆ! ಮಾರನೆಯ ಕ್ಲಾಸಿಗೆ ಲ್ಯಾಬಿನ ಮೇಣ ಕೆತ್ತುವ ಚಾಕು ಒಯ್ದೆ. ಇಪ್ಪತ್ತೊಂಬತ್ತು ವರ್ಷ ಸಂದು ಮುಚ್ಚಿದ ಕೈ ಮೊದಲ ಸಲ ಒಂದು ಸಂದು ತೆರೆಯಲು ಹೊರಟಿತು. ತೆರೆದೆ. ಎಡಗಡೆಯ ಹಲ್ಲನ್ನು ಒಂದಿಷ್ಟು ವಾಲಿಸಿದೆ. ಮ್ಯಾನೇಜರು ಎದ್ದು ಹೋದರು, ನೀನು ಬಂದು ಕೂತೆ. ನನಗೆ ಅಳು ತಡೆಯಲಾಗಲಿಲ್ಲ. ಕಂಡಕ್ಟರಮ್ಮ ತನ್ನ ಕರವಸ್ತ್ರ ಕೊಟ್ಟಳು, ಅದರ ತುಂಬ ಮಣ್ಣು, ಒರೆಸಿಕೊಂಡ ಮೇಲೆ ನನ್ನ ಮುಖ ನೋಡಿ ಎಲ್ಲರೂ ಮತ್ತೆ ನಕ್ಕರು, ನಾನೂ ನಕ್ಕೆ.

ನಗು ಮುಗಿದ ಮೇಲೆ ಒಂದು ವಿಷಯ ತಲೆಗೆ ಹೊಕ್ಕಿತು, ಅಲ್ಲಿಂದ ಹೊರಗೆ ಹೋಗಲಿಲ್ಲ. ಆರು ವರ್ಷದ ಹಿಂದೆ ನಿನ್ನ ಹಲ್ಲೆಲ್ಲ ಕಿತ್ತಾಗ ಸೆಟ್ಟು ಮಾಡಿದವಳು ನಾನೇ. ಬೇರೆ ಯಾರ ಕೈಗೂ ಕೊಡಲಿಲ್ಲ. ಇದ್ದುದರಲ್ಲೇ ಒಳ್ಳೆಯ ಹಲ್ಲು ಆರಿಸಿ, ಸಾಲು ನೆಟ್ಟಗೆ ಮಾಡಿ, ಆ ಸಂದನ್ನು ಮುಚ್ಚಿದೆ. ಅಪ್ಪನನ್ನು ಚೆಂದ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನೀನು ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡು, "ಹೊಸ ಗೋಡೆ ಥರ ಇದೆಯಲ್ಲ ಮಗಳೇ" ಎಂದೆ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ, ದಡ್ಡಿ. ಆ ಸಂದಿನಲ್ಲಿ ನಾಲಿಗೆಯ ತುದಿ ಇಟ್ಟು, ತುಟಿ ಅಲ್ಲಾಡಿಸದೆ, ಪೂರ್ತಿ ಹಾಡು ಸಿಳ್ಳೆ ಹೊಡೆಯುತ್ತಿದ್ದೆ ನೀನು. ಅಮ್ಮ ಇದ್ದಾಗ ಬೀದಿಯ ತಿರುವಿನಲ್ಲಿ ಅದು ಕೇಳಿದ ಮೇಲೆಯೇ ಚಹಾಕ್ಕೆ ನೀರಿಡುತ್ತಿದ್ದಳು. ಶಾಲೆಗೆ ಬಣ್ಣ ಬಳಿಯುವಾಗ ಮಕ್ಕಳು ಪಾಠ ಬಿಟ್ಟು ಕೇಳುತ್ತಾರೆಂದು ಹೆಡ್‌ಮೇಷ್ಟ್ರು ನಿನ್ನನ್ನು ರಜಾದಿನ ಬರಲು ಹೇಳಿರಲಿಲ್ಲವೇ? ನೀನು ಅದನ್ನು ಬಾಯಿ ಚಟ ಎನ್ನುತ್ತಿದ್ದೆ. ನಾನು ಈಗ ಕ್ಲಾಸಿಗೆ ಹೋಗುವವಳು, ದೊಡ್ಡ ಮಾತು ಆಡುವ ಹಕ್ಕಿದೆ: ಅದು ಕಲೆ. ನಾನು ಅದರ ಬಾಯಿಗೆ ಪುಟ್ಟಿ ಮೆತ್ತಿದೆ. ಯಾಕಪ್ಪಾ ಸಿಳ್ಳೆ ಬಿಟ್ಟೆ ಎಂದು ಕೇಳಿದಾಗ, "ವಯಸ್ಸಾಯ್ತಲ್ಲ, ಉಸಿರು ಸಾಲಲ್ಲ" ಎಂದೆ ನೀನು. ತರಕಾರಿ ಚೀಲ ಹಿಡಿದು ನಾಲ್ಕು ಮಹಡಿ ಹತ್ತುವವನಿಗೆ ಉಸಿರು ಸಾಲುವುದಿಲ್ಲವಂತೆ! ಮಗಳ ಕೈಕೆಲಸ, ನೊಂದುಕೊಂಡಾಳು ಎಂದು ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅಲ್ವಾ? ಒಂದು ಮಾತು ಹೇಳಬಾರದಿತ್ತಾ? ನಿನ್ನ ಮೇಲೆ ನನಗೆ ಕೋಪ ಬಂದಿದೆ. ನನ್ನ ಮೇಲೆ ಅದಕ್ಕಿಂತ ಜಾಸ್ತಿ ಬಂದಿದೆ. ಕ್ಷಮಿಸು ಅಪ್ಪಾ.

ಹೋದ ಶನಿವಾರ ಪ್ರದರ್ಶನ ಆಯಿತು. ಕಂಡಕ್ಟರಮ್ಮನ ಅತ್ತೆಯ ತಲೆಗೂ, ಒಬ್ಬ ಗಣಿತದ ಮೇಷ್ಟರು ಮಾಡಿದ ಅವರ ತಮ್ಮನ ತಲೆಗೂ ನಡುವೆ ನೀನು ಕೂತಿದ್ದೆ. ಬಂದವರು ಅತ್ತೆಯ ಮುಂದೆ ಗಂಭೀರವಾಗುತ್ತಿದ್ದರು, ನಿನ್ನ ಮುಂದೆ ಬಂದು ಹಲ್ಲು ಬಿಡುತ್ತಿದ್ದರು. ನಿನ್ನ ಮೊಮ್ಮಗಳು ಬಾಗಿಲಲ್ಲೇ ನಿಂತು, "ನಮ್ಮಜ್ಜ, ಆ ಟೋಪಿ ಹಾಕಿರೋರು" ಎಂದು ಕೇಳದವರಿಗೂ ಹೇಳುತ್ತಿದ್ದಳು. ಈಗ ಲ್ಯಾಬಿನಲ್ಲಿ ಹೊಸ ಸೆಟ್ಟಿಗೆ ಅಚ್ಚು ಬಂದರೆ, ಜೊತೆಗೆ ಅವರು ನಗುತ್ತಿರುವ ಹಳೆಯ ಫೋಟೋ ಕಳಿಸಿ ಎನ್ನುತ್ತೇನೆ. ಡಾಕ್ಟರುಗಳು ಗೊಣಗುತ್ತಾರೆ, ಗೊಣಗಲಿ. ನನಗೆ ಕೆಲಸದಲ್ಲಿ ಇಷ್ಟು ಖುಷಿ ಮೊದಲು ಇರಲಿಲ್ಲ.

ಅಣ್ಣನಿಗೆ ಗೋಡೆ ಎಂದೆನೆಂದು ಹೇಳಬೇಡ, ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮೊಮ್ಮಗಳು ನಿನಗೆ ಮುತ್ತು ಕಳಿಸಿದ್ದಾಳೆ, ಅಳಿಯ ನಿನ್ನ ಆರೋಗ್ಯ ಕೇಳಿದ್ದಾನೆ. ನಿನ್ನ ಆಶೀರ್ವಾದ ನನ್ನ ಎರಡೂ ಕೈಗಳ ಮೇಲಿರಲಿ.

ನಿನ್ನ,
ಕೈ ಸುಮ್ಮನಿರದ ಮಗಳು

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಹೋದ ತಿಂಗಳು ಅತ್ತಿಗೆ ನಿನ್ನನ್ನು ಸೆಟ್ಟು ಸಡಿಲವಾಗಿದೆ ಎಂದು ಎರಡು ಸಲ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಲ್ಲ, ಅದು ನನ್ನ ಕುತಂತ್ರ. ಅಚ್ಚು ಬಂದದ್ದು ನನ್ನ ಹತ್ತಿರ. ಎರಡನೇ ಸಲ ಮೇಣದ ಮೇಲೆ ಜೋಡಿಸಿದ ಹೊಸ ಹಲ್ಲನ್ನು ಬಾಯಲ್ಲಿಟ್ಟು ನೋಡುವಾಗ ನಿನಗೆ ಕನ್ನಡಿ ಕೊಡಬೇಡಿ ಎಂದು ಡಾಕ್ಟರಿಗೆ ಹೇಳಿದವಳೂ ನಾನೇ. ಇದರ ಜೊತೆಗಿರುವ ಡಬ್ಬಿಯಲ್ಲಿ ಹೊಸ ಸೆಟ್ಟಿದೆ, ಆಲ್ಬಮ್ಮಿನ ಮೂರನೇ ಪುಟ ನೋಡಿ, ಸಂದು ಸಮೇತ ಮಾಡಿದ್ದು. ಎಲ್ಲಾದರೂ ಒತ್ತಿದರೆ ಡಾಕ್ಟರ ಹತ್ತಿರ ಉಜ್ಜಿಸಿಕೊ. ಮೊದಲೆರಡು ದಿನ ಸಿಳ್ಳೆಯ ಬದಲು ಬರೀ ಗಾಳಿ ಬರಬಹುದು, ಬಿಡಬೇಡ. ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ. ಎತ್ತಿಕೊಂಡು ಹಲೋ ಅನ್ನಬೇಡ.